ಫಾರ್ವರ್ಡ್ ಒತ್ತುವ ಮುಂಚೆ ಪಹಣಿ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಬಗೆಯವು. ಬೆಳಗಿನ ವಾಕಿಂಗ್ ಮುಗಿಸಿ ಕಾಫಿಗೆ ಕೂತ ಗೆಳೆಯರ ನಡುವೆ ವಾದ ಎದ್ದಿದೆ, ಯಾರೂ ಸೋತಿಲ್ಲ, ತೀರ್ಪು ನಮ್ಮ ತಲೆಗೆ ಕಟ್ಟಿದ್ದಾರೆ. ಬರೆದವರಲ್ಲಿ ಹೆಚ್ಚಿನವರು ಬಲಪಂಥದ ಒಲವಿನವರು. ಅಂಕಣ ಬರೆಯುವ ನಾವೂ ಅದೇ ಪೈಕಿ, ಮುಚ್ಚಿಡುವುದೇನಿಲ್ಲ. ಅದಕ್ಕೇ ನಮ್ಮ ಕಡೆಯ ಸುಳ್ಳಿಗೆ ಇಲ್ಲಿ ಒಂದೇಟು ಹೆಚ್ಚೇ ಬಿದ್ದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಿಜವಾದ ದೂರಿಗೆ ಒಂದು ಸುಳ್ಳು ಬೆರೆತರೆ ಎದುರಿನವರು ಆ ಸುಳ್ಳನ್ನಷ್ಟೇ ಎತ್ತಿ ತೋರಿಸಿ ಎದ್ದು ಹೋಗುತ್ತಾರೆ.

ಪ್ರಶ್ನೆ: ಹೊನವಾಡದಲ್ಲಿ 1,200 ಎಕರೆ ವಕ್ಫ್ ಪಾಲಾಯಿತು ಅಂತ ಒಬ್ಬ ಗೆಳೆಯ. ಏನೂ ಆಗಿಲ್ಲ, ಎಲ್ಲಾ ಉಪಚುನಾವಣೆ ನಾಟಕ ಅಂತ ಇನ್ನೊಬ್ಬ. ಯಾರ ಮಾತು ಸರಿ? ನಮ್ಮ ಜಮೀನಿಗೂ ಹೀಗಾದರೆ ಎಲ್ಲಿಂದ ಶುರು ಮಾಡಬೇಕು? (ವಿಜಯಪುರ ಜಿಲ್ಲೆಯ ಓದುಗರು)

ಉತ್ತರ: ಇಬ್ಬರದ್ದೂ ಅರ್ಧರ್ಧ ಸರಿ. 2024ರ ಅಕ್ಟೋಬರ್‌ನಲ್ಲಿ ರೈತರಿಗೆ ನೋಟಿಸ್ ಬಂದದ್ದು ನಿಜ. ಕೆಲವು ಪಹಣಿಗಳ 11ನೇ ಕಾಲಂನಲ್ಲಿ ವಕ್ಫ್ ಹೆಸರು ಬಂದು ಕೂತದ್ದೂ ನಿಜ. ಗಲಾಟೆ ಎದ್ದ ಮೇಲೆ ಸರ್ಕಾರವೇ ನೋಟಿಸ್ ಹಿಂಪಡೆಯಲು, ಪಹಣಿ ತಿದ್ದುಪಡಿ ರದ್ದು ಮಾಡಲು ಹೇಳಿತು. ಏನೂ ಆಗಿರಲಿಲ್ಲವಾದರೆ ಹಿಂಪಡೆದದ್ದು ಏನನ್ನು ಎಂದು ನಿಮ್ಮ ಎರಡನೇ ಗೆಳೆಯರನ್ನು ಕೇಳಿ. ಆದರೆ 1,200 ಎಕರೆಯ ಲೆಕ್ಕಕ್ಕೆ ಬೇರೆ ಕಥೆ ಇದೆ. ಸರ್ಕಾರ ಕೊಟ್ಟ ವಿವರಣೆ ಇದು: 1974ರ ಗೆಜೆಟ್‌ನಲ್ಲಿ ವಿಜಯಪುರದ ಮಹಲ್ ಬಾಗಾಯತ್ ಆಸ್ತಿಯ ಮುಂದೆ ಕಂಸದಲ್ಲಿ ಹೊನವಾಡದ ಹೆಸರು ತಪ್ಪಾಗಿ ಸೇರಿತ್ತು, 1977ರಲ್ಲಿ ಅದನ್ನು ತಿದ್ದಲಾಯಿತು, ಹೊನವಾಡದಲ್ಲಿ ವಕ್ಫ್ ಆಸ್ತಿ ಇರುವುದು 11 ಎಕರೆ ಮಾತ್ರ. ಇದನ್ನು ನಂಬದವರು ಎರಡೂ ಗೆಜೆಟ್ ತರಿಸಿ ಓದಬಹುದು. ಓದದೆ 1,200 ಎಂದು ಕೂಗುವುದರಲ್ಲಿ ಅರ್ಥವಿಲ್ಲ.

ಈಗ ನಿಮ್ಮ ಜಮೀನಿನ ವಿಚಾರ. ಪಹಣಿಯನ್ನು ಎಡದಿಂದ ಬಲಕ್ಕೆ ಓದುವ ಅಭ್ಯಾಸ ಬಿಡಿ, ಮೊದಲು 9, 10, 11 ನೋಡಿ. 9ರಲ್ಲಿ ಖಾತೆದಾರರ ಹೆಸರು ಮತ್ತು ವಿಸ್ತೀರ್ಣ. 10ರಲ್ಲಿ ಆ ಹಕ್ಕು ಬಂದ ಬಗೆ, ಅಂದರೆ ಕ್ರಯವೋ ಪೌತಿಯೋ (ಮಾಲೀಕರು ತೀರಿದ ಮೇಲೆ ವಾರಸುದಾರರಿಗೆ ಬಂದದ್ದು) ವಿಭಾಗವೋ ಎಂಬುದು ಎಂ.ಆರ್. (ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ರಿಜಿಸ್ಟರ್) ನಂಬರ್ ಸಮೇತ. 11ರಲ್ಲಿ ಇತರ ಹಕ್ಕು ಮತ್ತು ಋಣಗಳು: ಸೊಸೈಟಿ ಸಾಲ, ಬ್ಯಾಂಕ್ ಅಡಮಾನ, ಕೋರ್ಟ್ ತಡೆಯಾಜ್ಞೆ. ವಕ್ಫ್ ಎಂಬ ನಮೂದು 11ರಲ್ಲಿ ಬಂದ ಮಾತ್ರಕ್ಕೆ ಮಾಲೀಕತ್ವ ಹೋಗುವುದಿಲ್ಲ, 9ರಲ್ಲಿ ನಿಮ್ಮ ಹೆಸರೇ ಇರುತ್ತದೆ. ಆದರೂ ಬೆಳೆಸಾಲಕ್ಕೆ ಹೋದರೆ ಮ್ಯಾನೇಜರು ಫೈಲು ಮುಚ್ಚುತ್ತಾರೆ, ಮಾರಲು ಹೋದರೆ ಕೊಳ್ಳುವವರು ಅಡ್ವಾನ್ಸ್ ವಾಪಸ್ ಕೇಳುತ್ತಾರೆ. ರೈತನಿಗೆ ಉರಿ ಹತ್ತಿದ್ದು ಅಲ್ಲಿ.

ಪಹಣಿ ಸಿಗುವ ಸರ್ಕಾರದ ‘ಭೂಮಿ’ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿ. ಸರ್ನೋಕ್ ಎಂಬ ಖಾನೆಯಲ್ಲಿ ಬಹುತೇಕ ಬರೀ ಒಂದು ನಕ್ಷತ್ರ ಗುರುತು ಇರುತ್ತದೆ, ಅದನ್ನೇ ಆರಿಸಿ, ಆಮೇಲೆ ಹಿಸ್ಸಾ. ಈ ವರ್ಷದ್ದೊಂದನ್ನೇ ನೋಡಿ ಸುಮ್ಮನಾಗಬೇಡಿ, ಹಿಂದಿನ ಸಾಲುಗಳ ಪಹಣಿಯನ್ನೂ ತೆಗೆದು ಪಕ್ಕಪಕ್ಕ ಇಡಿ. ನಮೂದು ಯಾವ ಸಾಲಿನಲ್ಲಿ ಹೊಸದಾಗಿ ಕಂಡಿತೋ ಆ ವರ್ಷದ ಮ್ಯುಟೇಶನ್ ನಕಲು ಮತ್ತು ಅದಕ್ಕೆ ಆಧಾರವಾದ ಆದೇಶದ ಪ್ರತಿ ಕೇಳಿ. ನಿಮಗೆ ನೋಟಿಸ್ ಜಾರಿಯಾಗಿತ್ತೇ, ಯಾರು ಸಹಿ ಹಾಕಿ ಪಡೆದರು ಎಂಬುದು ಆ ಕಡತದಲ್ಲೇ ಇರಬೇಕು. ನೋಟಿಸ್ ಇಲ್ಲದೆ ಮಾಡಿದ್ದರೆ ನಿಮ್ಮ ಕೇಸಿಗೆ ಅರ್ಧ ಬಲ ಅಲ್ಲೇ ಬಂತು. ಭೂಕಂದಾಯ ಕಾಯ್ದೆಯ ಕಲಂ 136(2)ರಂತೆ 60 ದಿನದೊಳಗೆ ಎಸಿ (ಉಪವಿಭಾಗಾಧಿಕಾರಿ) ಮುಂದೆ ಮೇಲ್ಮನವಿ ಹಾಕಬೇಕು. ಜನ ಎಡವುವುದು ಇಲ್ಲೇ: ಎಂಎಲ್ಎ ಮನೆ, ಟಿವಿ ಬೈಟು ಅಂತ ಓಡಾಡುವಷ್ಟರಲ್ಲಿ 60 ದಿನ ಕಳೆದಿರುತ್ತದೆ.

ಮನೆಯ ಟ್ರಂಕಿನಲ್ಲಿ ಹುಡುಕಬೇಕಾದ ಕಾಗದ ಇನ್ನೊಂದಿದೆ. ಗೇಣಿ ಜಮೀನಾಗಿದ್ದರೆ 1974ರ ಭೂಸುಧಾರಣೆಯ ನಂತರ ಭೂ ನ್ಯಾಯಮಂಡಳಿ ಕೊಟ್ಟ ಫಾರಂ 10, ಅಂದರೆ ಅಧಿಭೋಗದ ಹಕ್ಕುಪತ್ರ. ಇನಾಂ ಜಮೀನಾಗಿದ್ದರೆ, ಅಂದರೆ ಹಿಂದಿನ ಆಳ್ವಿಕೆ ದಾನವಾಗಿ ಕೊಟ್ಟದ್ದಾದರೆ, ಮರುಮಂಜೂರಾತಿ ಆದೇಶ. ಆಸ್ತಿ ವಕ್ಫೋ ಅಲ್ಲವೋ ಎಂಬ ಮೂಲ ತಕರಾರು ಎಸಿ ಕಚೇರಿಯಲ್ಲಿ ಮುಗಿಯುವುದಿಲ್ಲ, ವಕ್ಫ್ ನ್ಯಾಯಮಂಡಳಿಗೆ ಹೋಗುತ್ತದೆ. ಅಲ್ಲಿ ಈ ಕಾಗದವೇ ಮಾತಾಡಬೇಕು. 2025ರ ತಿದ್ದುಪಡಿಯಲ್ಲಿ ನ್ಯಾಯಮಂಡಳಿಯ ತೀರ್ಪಿನ ವಿರುದ್ಧ 90 ದಿನದೊಳಗೆ ಹೈಕೋರ್ಟಿಗೆ ಹೋಗಲು ದಾರಿಯಾಗಿದೆ. ಯಾವ ಆಸ್ತಿ ತನ್ನದೆಂದು ವಕ್ಫ್ ಮಂಡಳಿಯೇ ವಿಚಾರಣೆ ಮಾಡಿ ತೀರ್ಮಾನಿಸುವ ಅಧಿಕಾರ ಕೊಟ್ಟಿದ್ದ ಕಲಂ 40 ತೆಗೆದುಹಾಕಿದ್ದಾರೆ. ಇದು ಬೇಕಿತ್ತು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಅದೇ ಗಲಾಟೆಯಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರ ಆತ್ಮಹತ್ಯೆಗೂ ವಕ್ಫ್ ನಮೂದಿಗೂ ಗಂಟು ಹಾಕಿದ ಸುದ್ದಿ ಹರಿದಾಡಿತು. ಆ ಸಾವು 2022ರ ಜನವರಿಯದ್ದು, ಸಾಲ ಮತ್ತು ಬೆಳೆಹಾನಿ ಕಾರಣ ಎಂದು ಪೊಲೀಸರು ಸ್ಪಷ್ಟನೆ ಕೊಟ್ಟರು. ಅಲ್ಲಿಂದ ಎರಡು ದಿನ ಚರ್ಚೆ ಪೂರ್ತಿ ಆ ಸುದ್ದಿಯ ಮೇಲೇ ನಡೆಯಿತು, 11ನೇ ಕಾಲಂ ಮೂಲೆಗೆ ಬಿತ್ತು.

ಪ್ರಶ್ನೆ: ನಾವು ಹುಂಡಿಗೆ ಹಾಕಿದ ದುಡ್ಡು ಹಜ್ ಯಾತ್ರೆಗೆ ಹೋಗುತ್ತದಂತೆ, ಹೌದೆ? (ಶಿರಸಿ)

ಉತ್ತರ: ಇಲ್ಲ. ಹಜ್ ಸಬ್ಸಿಡಿ ಕೇಂದ್ರ ಸರ್ಕಾರದ ಬೊಕ್ಕಸದ್ದಾಗಿತ್ತು, 2018ರ ಜನವರಿಯಲ್ಲಿ ನಿಂತೂ ಹೋಯಿತು. ನಮ್ಮ ಮುಜರಾಯಿ ದೇವಸ್ಥಾನಗಳಿಗೆ 1997ರ ಧಾರ್ಮಿಕ ದತ್ತಿ ಕಾಯ್ದೆ ಅನ್ವಯ. ಹೆಚ್ಚು ಆದಾಯದ ದೇವಸ್ಥಾನಗಳಿಂದ ಒಂದು ಪಾಲು ಕಲಂ 17ರ ಸಾಮಾನ್ಯ ಸಂಗ್ರಹಣಾ ನಿಧಿಗೆ ಹೋಗಿ, ಅಲ್ಲಿಂದ ಆದಾಯವಿಲ್ಲದ ಸಿ ದರ್ಜೆ ಗುಡಿಗಳ ನೆರವಿಗೆ, ಅರ್ಚಕರ ಕ್ಷೇಮಕ್ಕೆ ಬಳಕೆಯಾಗಬೇಕು.

ಗುಮಾನಿ ಹುಟ್ಟಿದ ಜಾಗ ಬೇರೆ. ಇನಾಂ ರದ್ದಾದಾಗ ಜಮೀನು ಕಳೆದುಕೊಂಡ ಧಾರ್ಮಿಕ ಸಂಸ್ಥೆಗಳಿಗೆ ಸರ್ಕಾರ ವರ್ಷವರ್ಷ ಕೊಡುವ ಪರಿಹಾರಕ್ಕೆ ತಸ್ತೀಕು ಅನ್ನುತ್ತಾರೆ. ಕೆಲವು ಮಸೀದಿ, ದರ್ಗಾಗಳಿಗೂ ಈ ಹಣ ಮುಜರಾಯಿ ಇಲಾಖೆಯ ಮೂಲಕವೇ ಹೋಗುತ್ತಿತ್ತು. 2021ರಲ್ಲಿ ಆಕ್ಷೇಪ ಬಂದು ಅಂದಿನ ಮುಜರಾಯಿ ಸಚಿವ ಕೋಟ ಶ್ರೀನಿವಾಸ ಪೂಜಾರಿ ಅದನ್ನು ಈ ಇಲಾಖೆಯಿಂದ ನಿಲ್ಲಿಸಿದರು. ಹಾಗೆ ಹೋಗುತ್ತಿದ್ದದ್ದು ಬೊಕ್ಕಸದ ಹಣ, ಹುಂಡಿಯದ್ದಲ್ಲ. ಇಲಾಖೆಯ ಹೆಸರೊಂದು ಸಾಕಾಯಿತು ಕಥೆ ಕಟ್ಟುವುದಕ್ಕೆ.

ನಿಮ್ಮ ಗೆಳೆಯರು ನಿಜವಾಗಿ ಕೈಗೆತ್ತಿಕೊಳ್ಳಬೇಕಾದ ಲೆಕ್ಕ ಹೀಗಿದೆ. 2011ರ ತಿದ್ದುಪಡಿಯಂತೆ 10 ಲಕ್ಷಕ್ಕಿಂತ ಹೆಚ್ಚು ಆದಾಯವಿರುವ ದೇವಸ್ಥಾನ ಕೊಡಬೇಕಾದದ್ದು ನಿವ್ವಳ ಆದಾಯದ ಶೇ 10. 2024ರ ಮಸೂದೆ 1 ಕೋಟಿ ಮೀರಿದವರಿಗೆ ಶೇ 10, 10 ಲಕ್ಷದಿಂದ 1 ಕೋಟಿವರೆಗಿನವರಿಗೆ ಶೇ 5 ಎಂದಿತು, ಆದರೆ ಒಟ್ಟು ಆದಾಯದ ಮೇಲೆ. ಒಂದು ದೇವಸ್ಥಾನಕ್ಕೆ ವರ್ಷಕ್ಕೆ 1 ಕೋಟಿ 20 ಲಕ್ಷ ಬರುತ್ತದೆ, ದಾಸೋಹ, ಸಂಬಳ, ರಥೋತ್ಸವ, ರಿಪೇರಿಗೆ 90 ಲಕ್ಷ ಖರ್ಚು ಅಂದುಕೊಳ್ಳಿ. ಉಳಿಯುವುದು 30 ಲಕ್ಷ. ಹಳೇ ಲೆಕ್ಕದಲ್ಲಿ ಕೊಡಬೇಕಾದದ್ದು 3 ಲಕ್ಷ, ಹೊಸದರಲ್ಲಿ 12 ಲಕ್ಷ. ಅನ್ನದಾನ ಹೆಚ್ಚು ಮಾಡುವ ದೇವಸ್ಥಾನಕ್ಕೇ ಹೆಚ್ಚು ಪೆಟ್ಟು. ಮಸೂದೆ 2024ರ ಫೆಬ್ರುವರಿ 23ರಂದು ಪರಿಷತ್ತಿನಲ್ಲಿ ಬಿದ್ದು, ಅದೇ ತಿಂಗಳ ಕೊನೆಗೆ ಮತ್ತೆ ಪಾಸಾಗಿ, ರಾಜ್ಯಪಾಲರ ಮೇಜಿನಿಂದ ರಾಷ್ಟ್ರಪತಿಗಳ ಕಡೆ ಹೋಯಿತು. ಹಜ್ ಕಥೆ ಹೇಳುವವರನ್ನು ಎದುರಿನವರು ಒಂದೇ ವಾಕ್ಯದಲ್ಲಿ ಕೂರಿಸುತ್ತಾರೆ. ಈ 3 ಮತ್ತು 12ರ ಲೆಕ್ಕ ಹೇಳಿ ನೋಡಿ, ಉತ್ತರಕ್ಕೆ ತಡಕಾಡುತ್ತಾರೆ.

ಪ್ರಶ್ನೆ: ಇವಿಎಂ ಬ್ಯಾಟರಿ ಶೇ 99 ಇದ್ದ ಕಡೆ ಒಂದು ಪಕ್ಷ, ಕಡಿಮೆ ಇದ್ದ ಕಡೆ ಇನ್ನೊಂದು ಪಕ್ಷ ಗೆದ್ದಿತು ಎನ್ನುವ ಗೆಳೆಯನಿಗೆ ಏನು ಹೇಳಲಿ? ಸಂಜೆ 5ರ ನಂತರ ಮತಪ್ರಮಾಣ ಏಕಾಏಕಿ ಏರುವುದು ಹೇಗೆ ಅಂತಲೂ ಕೇಳುತ್ತಾನೆ. (ತುಮಕೂರು)

ಉತ್ತರ: ಮೊದಲು ನಮ್ಮ ಮನೆ ಗುಡಿಸೋಣ. 2009ರ ಸೋಲಿನ ನಂತರ ಇವಿಎಂ ಮೇಲೆ ಅನುಮಾನ ಎತ್ತಿದವರಲ್ಲಿ ಎಲ್.ಕೆ. ಆಡ್ವಾಣಿಯವರೇ ಇದ್ದರು. ಸುಬ್ರಮಣಿಯನ್ ಸ್ವಾಮಿ ಹೂಡಿದ ಮೊಕದ್ದಮೆಯಲ್ಲೇ 2013ರ ಅಕ್ಟೋಬರ್ 8ರಂದು ಸುಪ್ರೀಂ ಕೋರ್ಟ್ ಮತ ಯಾರಿಗೆ ಬಿತ್ತೆಂದು ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ತರಲು ಆದೇಶಿಸಿತು. ಆಗ ನಮ್ಮವರ ಅನುಮಾನ ದೇಶಪ್ರೇಮ, ಈಗ ಅವರದ್ದು ದೇಶದ್ರೋಹ ಅಂದರೆ ಕಾಫಿ ಟೇಬಲ್ಲಿನಲ್ಲೂ ನಡೆಯುವುದಿಲ್ಲ.

ಬ್ಯಾಟರಿ ಮಾತು 2024ರ ಅಕ್ಟೋಬರ್‌ನ ಹರಿಯಾಣ ಫಲಿತಾಂಶದ ನಂತರ ಬಂದದ್ದು. ಇವಿಎಂನಲ್ಲಿ ಮತ ದಾಖಲಿಸಿಕೊಳ್ಳುವ ಭಾಗವಾದ ಕಂಟ್ರೋಲ್ ಯೂನಿಟ್ಟಿನಲ್ಲಿರುವುದು ಮೊಬೈಲಿನಂಥ ರೀಚಾರ್ಜ್ ಬ್ಯಾಟರಿಯಲ್ಲ, ಒಮ್ಮೆ ಬಳಸಿ ಎಸೆಯುವ ಆಲ್ಕಲೈನ್ ಪ್ಯಾಕ್. ಹೊಸದಿದ್ದಾಗ 7.5ರಿಂದ 8 ವೋಲ್ಟ್. 7.4 ವೋಲ್ಟಿಗಿಂತ ಮೇಲಿರುವ ತನಕ ಪರದೆ 99 ಎಂದೇ ತೋರಿಸುತ್ತದೆ, ಅದಕ್ಕಿಂತ ಇಳಿದ ಮೇಲೆ ಮಾತ್ರ ಇಳಿಕೆ ಕಾಣುತ್ತದೆ, 5.8ರ ಹತ್ತಿರ ಬಂದರೆ ಬದಲಿಸಿ ಅನ್ನುತ್ತದೆ. ಅಭ್ಯರ್ಥಿಗಳು ಕಡಿಮೆ, ಮತದಾರರು ಕಡಿಮೆ, ಅಣಕು ಮತದಾನ ಬೇಗ ಮುಗಿದಿದೆ ಅಂದರೆ ಎಣಿಕೆ ದಿನವೂ 99 ನಿಂತಿರುತ್ತದೆ.

ಸಂಜೆಯ ಏರಿಕೆಗೆ ಬೂತಿನ ಬಾಗಿಲಲ್ಲಿ ನಿಂತರೆ ಉತ್ತರ ಸಿಗುತ್ತದೆ. ಮುಕ್ತಾಯದ ಹೊತ್ತಿಗೆ ಸರತಿಯಲ್ಲಿ ಇರುವವರಿಗೆಲ್ಲ ಮತಗಟ್ಟೆಯ ಮುಖ್ಯಾಧಿಕಾರಿಯಾದ ಪಿಆರ್‌ಒ ಸಹಿ ಹಾಕಿದ ಚೀಟಿ ಹಂಚುತ್ತಾರೆ. ಹಂಚುವುದು ಸರತಿಯ ಬಾಲದಿಂದ ತಲೆಯ ಕಡೆಗೆ, ಹಿಂದಿನಿಂದ ಹೊಸಬರು ನುಸುಳದಂತೆ. ಅವರೆಲ್ಲ ಮತ ಹಾಕಿ ಮುಗಿಸುವಷ್ಟರಲ್ಲಿ ಕತ್ತಲಾಗಿರಬಹುದು. ಟಿವಿಯ 5 ಗಂಟೆ ಅಂಕಿ ಬೂತುಗಳಿಂದ ಕೂಡಿಸಿದ ಅಂದಾಜು. ಕಾನೂನಿನ ಲೆಕ್ಕ ಇರುವುದು ನಮೂನೆ 17ಸಿಯಲ್ಲಿ.

ಈ 17ಸಿ ಒಂದು ಹಾಳೆಯನ್ನು ನಿಮ್ಮ ಗೆಳೆಯನಿಗೆ ತೋರಿಸಿ. ಕಂಟ್ರೋಲ್ ಯೂನಿಟ್, ಬ್ಯಾಲಟ್ ಯೂನಿಟ್, ವಿವಿಪ್ಯಾಟ್‌ಗಳ ಕ್ರಮಸಂಖ್ಯೆ, ಬೂತಿನ ಒಟ್ಟು ಮತದಾರರು, 17ಎ ರಿಜಿಸ್ಟರಿನಲ್ಲಿ ಸಹಿ ಹಾಕಿದವರು, ಯಂತ್ರದಲ್ಲಿ ದಾಖಲಾದ ಮತ, ಬಳಸಿದ ಕಾಗದದ ಸೀಲುಗಳ ನಂಬರ್, ಎಲ್ಲವೂ ಅದರಲ್ಲಿ. ಮತದಾನ ಮುಗಿದೊಡನೆ ಹಾಜರಿರುವ ಪ್ರತಿ ಏಜೆಂಟಿಗೂ ದೃಢೀಕರಿಸಿದ ನಕಲು ಕೊಡಬೇಕು. ಎಣಿಕೆ ದಿನ ಟೇಬಲ್ಲಿನ ಮುಂದಿನ ಏಜೆಂಟ್ ಮಾಡಬೇಕಾದ್ದು ಇಷ್ಟೆ: ಯಂತ್ರದ ನಂಬರ್, ಸೀಲಿನ ನಂಬರ್, ಒಟ್ಟು ಮತ, ಮೂರನ್ನೂ ತನ್ನ ನಕಲಿನೊಂದಿಗೆ ತಾಳೆ ನೋಡಿ ಆಮೇಲೆ ರಿಸಲ್ಟ್ ಬಟನ್ನಿಗೆ ಒಪ್ಪುವುದು. ನಮ್ಮ ಪಕ್ಷ, ಅವರ ಪಕ್ಷ ಎನ್ನದೆ ಬೂತ್ ಏಜೆಂಟರು ಸಂಜೆ ನಾಲ್ಕಕ್ಕೇ ಊಟದ ಬಿಲ್ಲು ಹಿಡಿದು ಜಾಗ ಖಾಲಿ ಮಾಡುತ್ತಾರೆ, 17ಸಿ ಕೈಗೆ ಬರುವುದೇ ಇಲ್ಲ. ಸೋತ ಮೇಲೆ ಹ್ಯಾಕ್ ಅನ್ನುತ್ತಾರೆ.

ಲೆಕ್ಕ ತಪ್ಪುವ ಸಾಮಾನ್ಯ ಕಾರಣವೂ ತಿಳಿದಿರಲಿ. ಮತದಾನ ಶುರುವಾಗುವ 90 ನಿಮಿಷ ಮುಂಚೆ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿಸುತ್ತಾರೆ. ಆಮೇಲೆ ಯಂತ್ರವನ್ನು ಕ್ಲಿಯರ್ ಮಾಡಬೇಕು, ವಿವಿಪ್ಯಾಟ್ ಚೀಟಿಗಳನ್ನು ತೆಗೆದು ಹಿಂಬದಿಗೆ ಮುದ್ರೆ ಒತ್ತಿ ಕಪ್ಪು ಲಕೋಟೆಗೆ ಹಾಕಬೇಕು. ನಿದ್ದೆಗೆಟ್ಟ ಸಿಬ್ಬಂದಿ ಕ್ಲಿಯರ್ ಮರೆತರೆ ಆ 50 ಮತ ಒಳಗೇ ಉಳಿದು ಒಟ್ಟು ಹೆಚ್ಚು ತೋರಿಸುತ್ತದೆ. ಅಂಥ ಯಂತ್ರವನ್ನು ಪಕ್ಕಕ್ಕಿಡುತ್ತಾರೆ. ಎಣಿಸಿದ ಮತ ಚಲಾಯಿಸಿದ ಮತಕ್ಕಿಂತ ಕಡಿಮೆ ಎಂಬ ಪೋಸ್ಟುಗಳ ಹಿಂದೆ ಹೆಚ್ಚಾಗಿ ಇಂಥ ಯಂತ್ರಗಳಿರುತ್ತವೆ.

ಪ್ರಶ್ನಿಸಲೇಬೇಕಾದ ಜಾಗ ಒಂದಿದೆ. ವಿವಿಪ್ಯಾಟ್‌ಗೆ ಅಭ್ಯರ್ಥಿಗಳ ಹೆಸರು, ಚಿಹ್ನೆ ತುಂಬುವ ಸಾಧನ ಹೊರಗಿನಿಂದ ಬರುತ್ತದೆ. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಚೀಟಿ ಎಣಿಸುವ ಬೇಡಿಕೆ ತಳ್ಳಿಹಾಕಿದರೂ ಈ ಸಾಧನವನ್ನು 45 ದಿನ ಸೀಲ್ ಮಾಡಿಡಲು ಹೇಳಿತು. ಎರಡು ಮತ್ತು ಮೂರನೇ ಸ್ಥಾನದ ಅಭ್ಯರ್ಥಿಗಳು 7 ದಿನದೊಳಗೆ ಹಣ ಕಟ್ಟಿ ವಿಧಾನಸಭಾ ಕ್ಷೇತ್ರವೊಂದರ ಶೇ 5ರಷ್ಟು ಯಂತ್ರಗಳ ತಪಾಸಣೆ ಕೇಳಬಹುದು. ತಿದ್ದಿದ್ದು ಸಿಕ್ಕರೆ ಹಣ ವಾಪಸ್. ಚುನಾವಣಾ ತಕರಾರು ಅರ್ಜಿಗೂ 45 ದಿನವೇ ಗಡುವು.

ಪ್ರಶ್ನೆ: ಆಳಂದದಲ್ಲಿ 6,000 ಮತ ಅಳಿಸಿದರು ಅನ್ನುವುದು ವಿರೋಧಿಗಳ ಕಟ್ಟುಕಥೆ ತಾನೆ? (ಕಲಬುರಗಿ)

ಉತ್ತರ: ಪೂರ್ತಿ ಕಟ್ಟುಕಥೆಯಲ್ಲ, ಹಾಗೆಂದು ಅಳಿಸಿಯೂ ಇಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ 24 ಮಾತ್ರ ಸರಿಯಿದ್ದವು, 5,994 ತಿರಸ್ಕೃತವಾದವು, ಅಧಿಕಾರಿಗಳೇ ಪೊಲೀಸ್ ದೂರು ಕೊಟ್ಟರು. ಪ್ರಯತ್ನ ನಡೆದದ್ದು ಖಂಡಿತ, ತಡೆದದ್ದೂ ಖಂಡಿತ. ಮಾಡಿಸಿದವರು ಯಾರೇ ಇರಲಿ ಜೈಲಿಗೆ ಹೋಗಲಿ ಎನ್ನಲು ನಮಗೇಕೆ ಸಂಕೋಚ? ಮತಪಟ್ಟಿ ಶುದ್ಧವಾಗಿರಬೇಕೆಂದು ಮೊದಲಿನಿಂದ ಹೇಳಿಕೊಂಡು ಬಂದವರು ನಾವು.

ಇದು ಮತಪಟ್ಟಿಯಿಂದ ಹೆಸರು ತೆಗೆಯಲು ಹಾಕುವ ಫಾರಂ 7ರ ಆಟ. ಭೂಸುಧಾರಣೆಯ ಫಾರಂ 7 ನೋಡಿ ಬೆಳೆದವರು ಗಾಬರಿಯಾಗಬೇಡಿ, ಇದು ಬೇರೆ. ಅದೇ ಕ್ಷೇತ್ರದ ಮತದಾರನೊಬ್ಬ ಇನ್ನೊಬ್ಬರ ಹೆಸರಿಗೆ ಆಕ್ಷೇಪಿಸಬಹುದು, ಆದರೆ ಬೂತ್ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಮನೆಗೆ ಬಂದು ನೋಡದೆ, ನಿಮಗೆ ನೋಟಿಸ್ ಕೊಡದೆ ಹೆಸರು ತೆಗೆಯುವಂತಿಲ್ಲ. ಎಪಿಕ್, ಅಂದರೆ ಮತದಾರರ ಗುರುತಿನ ಕಾರ್ಡ್ ಕೈಲಿದೆ ಎಂದು ನೆಮ್ಮದಿಯಾಗಿ ಮಲಗುವುದೇ ತಪ್ಪು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡಿಗೆ ಬೆಲೆಯಿಲ್ಲ. ಕರಡು ಪಟ್ಟಿ ಬಂದಾಗ ನಿಮ್ಮ ಭಾಗ ಸಂಖ್ಯೆಯ ಪಿಡಿಎಫ್ ಇಳಿಸಿ, ನಿಮ್ಮದಷ್ಟೇ ಅಲ್ಲದೆ ಬೀದಿಯ ಹತ್ತು ಮನೆ ನೋಡಿ. ತೀರಿಹೋದವರಿದ್ದರೆ ಫಾರಂ 7, ವಿಳಾಸ ತಪ್ಪಿದ್ದರೆ ಫಾರಂ 8, ಹೆಸರು ಬಿಟ್ಟುಹೋಗಿದ್ದರೆ ಫಾರಂ 6. ಮತದಾರರ ನೋಂದಣಾಧಿಕಾರಿಯಾದ ಇಆರ್‌ಒ ಆದೇಶ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ.

ಪ್ರಶ್ನೆ: 2,000 ರೂಪಾಯಿ ನೋಟಿನಲ್ಲಿ ಜಿಪಿಎಸ್ ಚಿಪ್ ಇದೆ, ನೆಲದಡಿ 120 ಮೀಟರ್ ಹೂತಿಟ್ಟರೂ ಪತ್ತೆಯಾಗುತ್ತದೆ ಎಂಬುದು ಸುಳ್ಳು ಎಂದು ಗೊತ್ತು. ಆದರೆ ಏಕೆ ಸಾಧ್ಯವಿಲ್ಲ ಎಂದು ವಿವರಿಸಲು ಬರುತ್ತಿಲ್ಲ. (ಮೈಸೂರು)

ಉತ್ತರ: ನಿಮ್ಮೂರಿನ ಮುದ್ರಣಾಲಯದಲ್ಲೇ ಅಚ್ಚಾದ ನೋಟು ಅದು! ಜಿಪಿಎಸ್ ಎನ್ನುವುದು ಬರೀ ಕಿವಿ, ಅದಕ್ಕೆ ಬಾಯಿಲ್ಲ. ಸುಮಾರು 20,200 ಕಿ.ಮೀ. ಮೇಲಿನ ಉಪಗ್ರಹದ ಸಂಕೇತ ಕೇಳಿ ತಾನೆಲ್ಲಿದ್ದೇನೆಂದು ತಿಳಿಯುತ್ತದೆ, ತಿರುಗಿ ಹೇಳಲು ಪ್ರಸಾರಕ ಬೇಕು, ಪ್ರಸಾರಕಕ್ಕೆ ಬ್ಯಾಟರಿ ಬೇಕು. ಬ್ಯಾಟರಿಯಿಲ್ಲದ ಚಿಪ್ ಹತ್ತಿರ ತಂದ ರೀಡರಿಗೆ ಮಾತ್ರ ಉತ್ತರಿಸುತ್ತದೆ, ನೆಲದಡಿ 120 ಮೀಟರ್ ಎಂಬುದೆಲ್ಲ ಬುರುಡೆ. ಚಿಪ್ ಎಂದು ಜನ ತೋರಿಸುತ್ತಿದ್ದದ್ದು ಓರೆ ಮಾಡಿದರೆ ಹಸಿರಿನಿಂದ ನೀಲಿಗೆ ತಿರುಗುವ ಭದ್ರತಾ ದಾರವನ್ನು. 2023ರ ಮೇ 19ರಂದು ನೋಟು ವಾಪಸಾತಿ ಪ್ರಕಟವಾದಾಗ ಆರ್‌ಬಿಐ ಜನರನ್ನೇ ಬ್ಯಾಂಕಿಗೆ ಕರೆಯಬೇಕಾಯಿತು. ಚಿಪ್ ಇದ್ದಿದ್ದರೆ ತಾನೇ ಬಂದು ಎತ್ತಿಕೊಂಡು ಹೋಗುತ್ತಿತ್ತು.

ಪ್ರಶ್ನೆ: ಹಾಗಾದರೆ ಶಾಸ್ತ್ರೀಜಿ ಸಾವು, ನೇತಾಜಿ ಕಣ್ಮರೆ, ಇವೂ ಬುರುಡೆಯೇ? (ಹಾಸನ)

ಉತ್ತರ: ಅಲ್ಲ. ಇಲ್ಲಿ ಅನುಮಾನಕ್ಕೆ ಕಾಲೂರಲು ನೆಲವಿದೆ. ಶಾಸ್ತ್ರಿಯವರು 1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಹಾಕಿ ಅದೇ ರಾತ್ರಿ ಕಳೆದು 11ರ ಮುಂಜಾವಕ್ಕೆ ಮುನ್ನ ತೀರಿಕೊಂಡರು. ಅಲ್ಲಿಯೂ ಇಲ್ಲಿಯೂ ಮರಣೋತ್ತರ ಪರೀಕ್ಷೆ ಆಗಲಿಲ್ಲ. ಒಂದು ದಾಖಲೆ ತನ್ನಲ್ಲಿದೆ, ವಿದೇಶ ಸಂಬಂಧದ ಕಾರಣ ಕೊಡಲಾಗದು ಎಂದು 2009ರಲ್ಲಿ ಪ್ರಧಾನಿ ಕಚೇರಿ ಮಾಹಿತಿ ಹಕ್ಕಿನಡಿ ಉತ್ತರಿಸಿತು. ಇಷ್ಟು ನಿಜ. ವಿಷ ಹಾಕಿದರು ಎಂಬುದು ಇದರಿಂದ ಹುಟ್ಟಿದ ಊಹೆ, ಸಾಬೀತಾಗಿಲ್ಲ. ಪರೀಕ್ಷೆ ಏಕೆ ಮಾಡಲಿಲ್ಲ ಎಂದು ಕೇಳುವುದಕ್ಕೂ ಇಂಥವರೇ ಕೊಂದರು ಎಂದು ಸಾರುವುದಕ್ಕೂ ಬಹಳ ದೂರ.

ನೇತಾಜಿ ವಿಷಯದಲ್ಲಿ ಶಾ ನವಾಜ್ ಸಮಿತಿ ಮತ್ತು ಖೋಸ್ಲಾ ಆಯೋಗ 1945ರ ಆಗಸ್ಟ್ 18ರ ವಿಮಾನ ಅಪಘಾತವನ್ನು ಒಪ್ಪಿದವು. ಮುಖರ್ಜಿ ಆಯೋಗ ಒಪ್ಪಲಿಲ್ಲ, 2006ರಲ್ಲಿ ಕೇಂದ್ರ ಸರ್ಕಾರ ಆ ಆಯೋಗವನ್ನೇ ಒಪ್ಪಲಿಲ್ಲ. 2016ರ ಜನವರಿ 23ರಂದು 100 ಕಡತ ಬಹಿರಂಗವಾದವು. ಆ ಕಡತಗಳ ಹೆಸರಿನಲ್ಲಿ ಹರಿದಾಡುವ ಮಾತುಗಳಿಗೆ ಕಡತ ಸಂಖ್ಯೆ, ಪುಟ ಸಂಖ್ಯೆ ಕೇಳಿ. ನೂರಕ್ಕೆ ತೊಂಬತ್ತು ಜನ ಅಲ್ಲೇ ಮಾತು ಬದಲಿಸುತ್ತಾರೆ.

ಪ್ರಶ್ನೆ: ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ನಾನೇ ಅಡ್ಮಿನ್. ಯಾರೋ ಸುಳ್ಳು ಹಾಕಿದರೆ ನನ್ನನ್ನು ಹಿಡಿಯುತ್ತಾರೆಯೇ? (ಪುತ್ತೂರು)

ಉತ್ತರ: ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಇನ್ನೊಬ್ಬರ ಸಂದೇಶಕ್ಕೆ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದರೆ ನೀವೇ ಅದನ್ನು ಮುಂದಕ್ಕೆ ಕಳಿಸಿದರೆ ಕಥೆ ಬೇರೆ. ಕೋಮುದ್ವೇಷ, ಭೀತಿ ಹುಟ್ಟಿಸುವ ಸುಳ್ಳು ಸುದ್ದಿಗೆ ನ್ಯಾಯ ಸಂಹಿತೆಯ ಕಲಂ 353, 196 ಇವೆ, 3 ವರ್ಷದವರೆಗೆ ಶಿಕ್ಷೆ. ನಿಜವೆಂದು ನಂಬಲು ಸಕಾರಣವಿತ್ತು, ದುರುದ್ದೇಶವಿರಲಿಲ್ಲ ಎಂಬುದಕ್ಕೆ 353ರಲ್ಲೇ ರಕ್ಷಣೆಯಿದೆ. ಸಂದೇಶದ ನೆತ್ತಿಯಲ್ಲಿ ಜೋಡಿ ಬಾಣ ಇದ್ದರೆ ಅದು ಕೈಯಿಂದ ಕೈಗೆ ಹಲವು ಸಲ ದಾಟಿ ಬಂದದ್ದು, ಹಾಗಿದ್ದೂ ನೋಡದೆ ಒತ್ತಿದೆ ಎಂದರೆ ಸಕಾರಣ ತೋರಿಸುವುದು ಕಷ್ಟ.

ಸುಳ್ಳೆಂದು ತಿಳಿದೊಡನೆ ಅಡ್ಮಿನ್ ಆಗಿ ಎಲ್ಲರಿಗೂ ಅಳಿಸಿ, ಏನು ತಪ್ಪಿತ್ತು ಎಂದು ಎರಡು ಸಾಲು ಅದೇ ಗುಂಪಿನಲ್ಲಿ ಬರೆಯಿರಿ. ಸುಮ್ಮನೆ ಅಳಿಸಿದರೆ ಏನೋ ಮುಚ್ಚಿಟ್ಟರು ಅಂತ ಹೊಸ ಕಥೆ ಶುರುವಾಗುತ್ತದೆ. ಠಾಣೆಯಿಂದ ಬಾಯಿಮಾತಿನ ಕರೆ ಬಂದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರ ಲಿಖಿತ ನೋಟಿಸ್ ಕೇಳಿ. ನೋಟಿಸ್ ಬಂದ ಮೇಲೆ ಮಾತ್ರ ಫೋನಿನಿಂದ ಏನನ್ನೂ ಅಳಿಸಬೇಡಿ.

ಸುಳ್ಳು ಯಾವುದೆಂದು ಸರ್ಕಾರವೇ ತೀರ್ಮಾನಿಸಲಿ ಎನ್ನುವವರಿಗೆ ಒಂದು ಮಾತು. ಆನ್‌ಲೈನ್ ಬರಹಕ್ಕೆ ಶಿಕ್ಷೆ ಕೊಡುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ 2015ರಲ್ಲಿ ರದ್ದಾಯಿತು. ಕೇಂದ್ರದ ಫ್ಯಾಕ್ಟ್‌ಚೆಕ್ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೊಡೆದುಹಾಕಿತು. 2025ರಲ್ಲಿ ಕರ್ನಾಟಕದ ಕರಡು ಮಸೂದೆ 7 ವರ್ಷ ಜೈಲಿನ ಮಾತಾಡಿತು. ದೆಹಲಿಯ ಘಟಕ ಬೇಕು, ಬೆಂಗಳೂರಿನ ಮಸೂದೆ ಬೇಡ ಎನ್ನುವ ಗೆಳೆಯರಿಗೆ ಕುರ್ಚಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ ಎಂಬುದನ್ನು ನೆನಪಿಸಿ.

ಪ್ರಶ್ನೆ: ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೊ ವಿಶ್ವದ ಅತ್ಯುತ್ತಮ ಗೀತೆ ಪ್ರಶಸ್ತಿ ಕೊಟ್ಟಿದೆಯಂತೆ? (ಚಿತ್ರದುರ್ಗ)

ಉತ್ತರ: ಯುನೆಸ್ಕೊ ಅಂಥ ಪ್ರಶಸ್ತಿಯನ್ನೇ ಕೊಡುವುದಿಲ್ಲ. ಆ ಸಂದೇಶದಲ್ಲಿ ಬರುವ, ಗೀತೆ ಹಾಡುವ ಅವಧಿ 52 ಸೆಕೆಂಡ್ ಎಂಬ ಮಾತು ಮಾತ್ರ ಸರಿಯಾಗಿದೆ.